ವಾಪಸಪ್ಪನ ಅಗ್ಗದ ಟೆಂಟು

ನಮ್ಮ ಭಾವನ ಮನೆಯಲ್ಲಿ ಟಿವಿಯ ರಿಮೋಟಿಗೆ ಇವತ್ತಿಗೂ ಅಂಗಡಿಯವರು ಸುತ್ತಿಕೊಟ್ಟ ಪ್ಲಾಸ್ಟಿಕ್ಕೇ ಇದೆ. ಆ ಟಿವಿ ಕೆಟ್ಟು ಬೇರೆ ಟಿವಿ ಬಂದು ಎಷ್ಟೋ ಕಾಲವಾಯಿತು. ರಿಮೋಟು ಮಾತ್ರ ಕಪಾಟಿನಲ್ಲಿ ಹೊಚ್ಚ ಹೊಸದಾಗಿ ಕೂತಿದೆ. ಅಟ್ಟ ಹತ್ತಿದರೆ ಫ್ಯಾನು ಬಂದ ಡಬ್ಬ, ಗಡಿಯಾರ ಬಂದ ಡಬ್ಬ, ಇಸ್ತ್ರಿ ಪೆಟ್ಟಿಗೆ ಬಂದ ಡಬ್ಬ, ಒಳಗಿನ ಥರ್ಮೋಕೋಲು ಸಮೇತ. ಯಾಕೆ ಭಾವ ಇವೆಲ್ಲ ಎಂದು ಕೇಳಿದರೆ ಒಂದೇ ಉತ್ತರ: "ವಾಪಸ್ ಕೊಡಬೇಕಾಗಿ ಬಂದ್ರೆ?"

ಹೀಗಾಗಿದ್ದು ಅವರ ಕೆಲಸದಿಂದ ಎನ್ನುತ್ತಾಳೆ ಅಕ್ಕ. ಹುಟ್ಟುಗುಣ ಎನ್ನುತ್ತೇನೆ ನಾನು. ಮದುವೆಯ ಮಾತುಕತೆಗೆಂದು ನಮ್ಮ ಮನೆಗೆ ಮೊದಲ ಸಲ ಬಂದ ದಿನ ಈ ಮನುಷ್ಯ ಕೂರುವ ಮುಂಚೆ ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿದ್ದರು. ಅಪ್ಪ ಅಡುಗೆಮನೆಗೆ ಬಂದು, "ಹುಡುಗೀಗೂ ಬಿಲ್ ಇದೆಯಾ ಅಂತ ಕೇಳ್ತಾನೋ ಏನೋ" ಎಂದು ಪಿಸುಗುಟ್ಟಿ ತಾವೇ ನಕ್ಕಿದ್ದರು. ಅಕ್ಕನಿಗೆ ನಗು ಬಂದಿರಲಿಲ್ಲ. ಅವಳಿಗೆ ಆಗಲೇ ಆತ ಹಿಡಿಸಿದ್ದರು.

ಭಾವ ದುಡಿದದ್ದು ಪೇಟೆಯ ದೊಡ್ಡ ಅಂಗಡಿಯೊಂದರ ನೆಲಮಾಳಿಗೆಯಲ್ಲಿ. ಮೇಲಿನ ಮಹಡಿಗಳಲ್ಲಿ ಮಾರುವವರು ನಗುನಗುತ್ತ ಮಾರುತ್ತಿದ್ದರು. ಕೊಂಡವರು ಮನಸ್ಸು ಬದಲಾಯಿಸಿ ತಂದ ಸಾಮಾನನ್ನು ನೋಡುವ ಕೌಂಟರಿನಲ್ಲಿ ಭಾವ ಮುಖ ಗಂಟಿಕ್ಕಿ ಕೂತಿರುತ್ತಿದ್ದರು. ಪೆಟ್ಟಿಗೆಯನ್ನೇ ಬಿಚ್ಚಿಲ್ಲ ಎಂದು ಆಣೆ ಮಾಡುವವರ ಮಿಕ್ಸಿಯ ಬ್ಲೇಡಿನ ಬುಡದಿಂದ ಬೆಳ್ಳುಳ್ಳಿ ಸಿಪ್ಪೆ ತೆಗೆದು ಕೌಂಟರಿನ ಮೇಲಿಡುತ್ತಿದ್ದರು. ಅಳತೆ ಸರಿಯಾಗಲಿಲ್ಲ ಎಂದು ತಂದ ಕೋಟಿನ ಕಾಲರು ಮೂಸಿ, ಯಾವ ಸಮಾರಂಭಕ್ಕೆ ಹಾಕಿಕೊಂಡಿದ್ದಿರಿ ಎಂದು ಕೇಳುತ್ತಿದ್ದರು. ಅವರ ಹತ್ತಿರ ಎರಡು ಮೊಹರುಗಳಿದ್ದವು. ಒಂದರಲ್ಲಿ 'ಸಾಮಾನಿನ ದೋಷ', ಇನ್ನೊಂದರಲ್ಲಿ 'ಗಿರಾಕಿಯ ತಪ್ಪು'. ಮೊದಲನೆಯದು ಬಿದ್ದರೆ ದುಡ್ಡು ವಾಪಸ್, ಎರಡನೆಯದು ಬಿದ್ದರೆ ಸಾಮಾನು ಎತ್ತಿಕೊಂಡು ಮನೆಗೆ. ಎರಡನೆಯ ಮೊಹರಿನ ಹಿಡಿ ಸವೆದು ನುಣ್ಣಗಾಗಿತ್ತಂತೆ. ಅಂಗಡಿಯವರು ಅವರಿಗೆ ವಾಪಸಪ್ಪ ಎಂದು ಹೆಸರಿಟ್ಟಿದ್ದರು. ನಿವೃತ್ತಿಯ ದಿನ ಹಾಕಿದ ಹಾರದ ಹೂವನ್ನೂ ವಾಪಸಪ್ಪ ಬೆರಳಲ್ಲಿ ಉಜ್ಜಿ ನೋಡಿದರು ಎಂದು ಹೇಳುವವರುಂಟು. ಆ ಮಾತನ್ನು ನಾನು ನಂಬುತ್ತೇನೆ.

ಒಂದು ವಿಷಯ ಮಾತ್ರ ನ್ಯಾಯವಾಗಿ ಹೇಳಬೇಕು. ಭಾವ ಅಂಗಡಿಯ ಕಡೆಯವರೂ ಆಗಿರಲಿಲ್ಲ. ಸಾಮಾನು ನಿಜವಾಗಿ ಕೆಟ್ಟದ್ದಾಗಿದ್ದರೆ, ಮ್ಯಾನೇಜರೇ ಬಂದು ಕಣ್ಣು ಮಿಟುಕಿಸಿದರೂ 'ಸಾಮಾನಿನ ದೋಷ' ಎಂದೇ ಒತ್ತುತ್ತಿದ್ದರು. ಮೊಸರಿನಲ್ಲಿ ಕಲ್ಲು ಹುಡುಕುತ್ತಿದ್ದರು, ಆದರೆ ಇಲ್ಲದ ಕಲ್ಲನ್ನು ತಾವೇ ಹಾಕುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕಾಗಿದ್ದ ಹೊತ್ತಿನಲ್ಲಿ ನಾನೇ ಮರೆತೆ.

ಇನ್ನು ಅಕ್ಕ. ಅವಳು ಒಂದು ಹೋಟೆಲಿನ ಬಟ್ಟೆ ಕೋಣೆಯಲ್ಲಿದ್ದಾಳೆ. ಒಗೆದು ಬಂದ ಹಾಸಿಗೆ ಬಟ್ಟೆ, ಟವೆಲು, ಮೇಜಿನ ಹೊದಿಕೆಗಳನ್ನು ಬೆಳಕಿಗೆ ಹಿಡಿದು ನೋಡಿ, ಮಡಿಸಿ, ಬೀರುವಿನಲ್ಲಿ ಜೋಡಿಸುವುದು ಅವಳ ಕೆಲಸ. ಆ ಕೋಣೆಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ: ಹಳೆಯ ಗೆರೆಯ ಮೇಲೆ ಮತ್ತೆ ಮಡಿಸುವಂತಿಲ್ಲ. ಹೋದ ಸಲ ಉದ್ದಕ್ಕೆ ಮಡಿಸಿದ್ದರೆ ಈ ಸಲ ಅಡ್ಡಕ್ಕೆ. ಹಾಸಿಗೆ ಬಟ್ಟೆ ಹರಿಯುವುದು ಮಲಗುವವರಿಂದಲ್ಲ, ಮಡಿಸುವವರಿಂದ ಎಂದು ಅಲ್ಲಿಯ ಹೆಂಗಸರು ಹೊಸಬರಿಗೆ ಮೊದಲ ದಿನವೇ ಹೇಳಿಬಿಡುತ್ತಾರೆ. ಅಕ್ಕ ಮನೆಯಲ್ಲಿ ಕರವಸ್ತ್ರವನ್ನೂ ಹಾಗೆಯೇ ಮಡಿಸುತ್ತಾಳೆ. ಎರಡು ಕರವಸ್ತ್ರ ಒಂದೇ ಆಕಾರದಲ್ಲಿ ಇರುವುದಿಲ್ಲ ಎಂದು ಭಾವನಿಗೆ ಅದೂ ಒಂದು ಗುಮಾನಿ.

ಅವಳಿಗೆ ಬಹಳ ಕಾಲದಿಂದ ಒಂದು ಆಸೆಯಿತ್ತು. "ಎಲ್ಲೆಲ್ಲಿಂದಲೋ ಬರ್ತಾರೆ, ಮಲಗ್ತಾರೆ, ಎದ್ದು ಹೋಗ್ತಾರೆ. ಅವರ ಹಾಸಿಗೆ ಮಡಚಿ ಮಡಚಿ ನನ್ನ ಕೈ ಸವೆದು ಹೋಯ್ತು. ನಾನೂ ಒಂದು ಸಲ ಬೇರೆ ಎಲ್ಲಾದ್ರೂ ಮಲಗಿ ಏಳಬೇಕು ಕಣೇ" ಎನ್ನುತ್ತಿದ್ದಳು. ದಿನಾ ಹೋಟೆಲಿಗೆ ಹೋಗಿಬರುವುದು ಸೈಕಲ್ಲಿನಲ್ಲಿ. ಆ ದಾರಿಯಲ್ಲೇ ಒಂದು ನದಿ. ಅದರ ದಂಡೆಯ ರಸ್ತೆ ಹಿಡಿದು ಹೋದರೆ ಸಮುದ್ರ ಸಿಗುತ್ತದೆ ಎಂದು ಫಲಕವಿದೆ. ದಿನವೂ ಆ ಫಲಕದ ಎದುರು ಎಡಕ್ಕೆ ತಿರುಗಿ ಬಟ್ಟೆ ಕೋಣೆಗೆ ಹೋಗುವ ಅಕ್ಕನಿಗೆ, ಒಂದು ದಿನ ನೇರ ಹೋಗಬೇಕು ಎಂದು ಆಸೆ. ಒಬ್ಬಳೇ ಅಲ್ಲ, ಗಂಡನ ಜೊತೆ. ಅದೇ ಫಜೀತಿ.

ಭಾವ ಇಲ್ಲ ಎನ್ನುತ್ತಿರಲಿಲ್ಲ. ಇಲ್ಲ ಎಂದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ವಸತಿಗೃಹದ ಬಾಗಿಲಿನ ಚಿಲಕ ಹೇಗಿರುತ್ತೋ ಎನ್ನುತ್ತಿದ್ದರು. ಹಾಸಿಗೆಯಲ್ಲಿ ಯಾರು ಮಲಗಿರುತ್ತಾರೋ ಎನ್ನುತ್ತಿದ್ದರು, ಅದೂ ಅಕ್ಕನ ಮುಂದೆ. ಟೆಂಟು ಕೊಳ್ಳೋಣ ಎಂದರೆ, ಬೆಲೆ ಕಡಿಮೆಯದರಲ್ಲಿ ಬಟ್ಟೆಯಲ್ಲಿ ಮೋಸ, ಬೆಲೆ ಜಾಸ್ತಿಯದರಲ್ಲಿ ಬೆಲೆಯಲ್ಲೇ ಮೋಸ. ಹೀಗೆ ಎಲ್ಲ ಬಾಗಿಲೂ ಮುಚ್ಚಿ ಪೇಪರು ಓದುತ್ತ ಕೂರುತ್ತಿದ್ದರು.

ಭಾವ ನಿವೃತ್ತರಾದ ಮೇಲೆ ಒಂದು ಸಂಜೆ ಅಕ್ಕ ಅವರದೇ ಹಳೆಯ ಅಂಗಡಿಯಿಂದ ಒಂದು ಟೆಂಟು ತಂದು ಊಟದ ಮೇಜಿನ ಮೇಲಿಟ್ಟಳು. ಇಬ್ಬರು ಮಲಗುವಂಥದು, ಹಸಿರು ಬಣ್ಣ, ಒಂದು ಜೊತೆ ಒಳ್ಳೆಯ ಬೂಟಿಗಿಂತ ಕಡಿಮೆ ಬೆಲೆ. ಆವತ್ತು ನಾನೂ ಅಲ್ಲೇ ಇದ್ದೆ.

"ಇಷ್ಟು ಕಡಿಮೆಗೆ ಕೊಡ್ತಾನೆ ಅಂದ್ರೆ ಎಲ್ಲೋ ಏನೋ ಇದೆ" ಎಂದರು ಭಾವ.

"ಇದೆ ಅಂತ ತೋರಿಸಿ" ಎಂದಳು ಅಕ್ಕ. "ಒಂದು ತಿಂಗಳು ವಾಪಸ್ ತಗೋತಾರೆ. ಅಷ್ಟರೊಳಗೆ ಇದನ್ನ ಕಟ್ಟಿಕೊಂಡು ಸಮುದ್ರದವರೆಗೆ ಹೋಗೋಣ. ದಾರೀಲಿ ಟೆಂಟು ಕೈಕೊಟ್ಟರೆ ಅಲ್ಲಿಂದಲೇ ತಿರುಗಿ ಬರೋಣ. ಆಮೇಲೆ ನಾನು ಯಾವತ್ತೂ ಎಲ್ಲಿಗೂ ಕೇಳಲ್ಲ. ಕೈಕೊಡಲಿಲ್ಲ ಅಂದ್ರೆ ನೀವು ಸಮುದ್ರ ಕಾಣೋವರೆಗೆ ಬಾಯಿ ಮುಚ್ಚಿಕೊಂಡು ಬರಬೇಕು."

ನನ್ನ ಅಕ್ಕ ಆಡಿದ ಮಾತಿಗೆ ತಪ್ಪುವವಳಲ್ಲ. ಯಾವತ್ತೂ ಕೇಳಲ್ಲ ಎಂದರೆ ಯಾವತ್ತೂ ಕೇಳುವುದಿಲ್ಲ. ಅಷ್ಟು ವರ್ಷದ ಆಸೆಯನ್ನು ಒಂದು ಅಗ್ಗದ ಬಟ್ಟೆಯ ಮೇಲೆ ಪಣವಿಟ್ಟುಬಿಟ್ಟಳು.

ಮಾರನೆಯ ದಿನದಿಂದ ಪರೀಕ್ಷೆ ಶುರು. ಮನೆಯ ತಾರಸಿಯ ಮೇಲೆ ಟೆಂಟು ಎದ್ದಿತು. ಭಾವ ಬಕೆಟ್ಟಿನಲ್ಲಿ ನೀರು ಹೊತ್ತು ಹೂವಿನ ಗಿಡಕ್ಕೆ ಹಾಕುವ ಝಾರಿಯಿಂದ ಸುರಿದರು. ಒಳಗೆ ಹೊಕ್ಕು ಹೊಲಿಗೆಗಳನ್ನೆಲ್ಲ ಟಿಶ್ಯೂ ಕಾಗದದಿಂದ ಒತ್ತಿ ನೋಡಿದರು. ಒಣಗಿತ್ತು. ಜಿಪ್ಪನ್ನು ಕೈ ಸೋಲುವವರೆಗೆ ಎಳೆದರು. ಹಿಡಿಯಲಿಲ್ಲ. ಟೇಬಲ್ ಫ್ಯಾನು ತಂದು ಗಾಳಿ ಬಿಟ್ಟರು; ಟೆಂಟು ಒಂದು ಪಕ್ಕಕ್ಕೆ ವಾಲಿ ಮತ್ತೆ ನೆಟ್ಟಗಾಯಿತು. ಗೂಟಗಳು ಮಾತ್ರ ಕಳಪೆ. ಕೈಯಲ್ಲೇ ಬಾಗುತ್ತಿದ್ದವು. ಭಾವನ ಮುಖದ ಮೇಲೆ ಆವತ್ತು ಕಳೆಯೋ ಕಳೆ.

"ಗೂಟ ಬೇರೆ ತಗೊಂಡರಾಯ್ತು, ಅದೇನು ಮಹಾ" ಎಂದೆ ನಾನು.

"ಗೂಟದಲ್ಲೇ ಹೀಗೆ ಮಾಡಿದವನು ಬಟ್ಟೇಲಿ ಬಿಡ್ತಾನಾ? ಬೆಳ್ಳಗಿರೋದೆಲ್ಲ ಹಾಲಲ್ಲ, ಚೆಕಿಂಗ್ ಮೇಡಮ್ಮು."

ನಾನು ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವವಳು. ಹತ್ತಿದ ಕೂಡಲೇ ಯಾರ ಹತ್ತಿರ ಟಿಕೆಟ್ಟಿಲ್ಲ ಎಂದು ಕಿವಿಯ ತುದಿ ನೋಡಿ ಹೇಳಬಲ್ಲೆ. ಹಾಗಾಗಿ ಗುಮಾನಿಯ ವಿಷಯದಲ್ಲಿ ನಾನೇನೂ ಭಾವನಿಗೆ ಕಡಿಮೆಯಿಲ್ಲ. ಅವರು ಸಾಮಾನನ್ನು ಶಂಕಿಸುತ್ತಾರೆ, ನಾನು ಮನುಷ್ಯರನ್ನು.

ಪರೀಕ್ಷೆ ದಿನಾ ನಡೆಯಿತು. ಪ್ರತಿ ಸಲ ಮುಗಿದ ಮೇಲೆ ಭಾವ ಟೆಂಟನ್ನು ಅದು ಅಂಗಡಿಯಿಂದ ಬಂದ ಹಾಗೆಯೇ ಮಡಿಸುತ್ತಿದ್ದರು. ಅಂದರೆ ಬಂದ ಗೆರೆಯ ಮೇಲೇ ಗೆರೆ. ಮಂಡಿಯೂರಿ, ಹೆಬ್ಬೆರಳಿನ ಉಗುರಿನಿಂದ ಪ್ರತಿ ಮಡಿಕೆಯನ್ನೂ ಉಜ್ಜಿ, ಅಂಗಡಿಯ ಚೀಟಿ ಬಂದ ಮೂಲೆಯಲ್ಲೇ ತೂಗುವ ಹಾಗೆ ಇಟ್ಟು, ಚೀಲದೊಳಗೆ ಸರಿಸುತ್ತಿದ್ದರು. ಆ ಕೌಂಟರಿನ ಮೊದಲ ನಿಯಮವೇ ಅದು: ಬಂದ ಮಡಿಕೆಯಲ್ಲಿ ಇಲ್ಲದ ಸಾಮಾನನ್ನು ವಾಪಸ್ ತೆಗೆದುಕೊಳ್ಳುವಂತಿಲ್ಲ.

ಒಂದು ಸಲ ಅಕ್ಕ ತಾರಸಿಗೆ ಒಣಗಿದ ಬಟ್ಟೆ ತೆಗೆಯಲು ಬಂದವಳು ನೋಡಿ, "ಒಂದೇ ಗೆರೆ ಮೇಲೆ ಎಷ್ಟು ಸಲ ರೀ? ಮಡಿಕೆ ಬದಲಾಯಿಸಿ" ಎಂದಳು.

ಭಾವ ತಲೆಯೆತ್ತಿ ಅವಳನ್ನೇ ನೋಡಿದರು. "ಯಾಕೆ? ಬದಲಾಯಿಸಿದ್ರೆ ಅಂಗಡಿಯವನು ವಾಪಸ್ ತಗೊಳ್ಳಲ್ಲ. ಅದೇ ತಾನೇ ನಿನಗೆ ಬೇಕಾಗಿರೋದು?"

ಅಕ್ಕ ಒಣಗಿದ ಟವೆಲುಗಳನ್ನು ಎತ್ತಿಕೊಂಡು ಕೆಳಗೆ ಹೋದಳು. ನನಗೆ ಮೈಯೆಲ್ಲ ಉರಿಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಗೊಣಗಿಕೊಂಡೆ, ಭಾವನಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ.

ಹೊರಡುವ ಹಿಂದಿನ ದಿನ ಭಾವನ ಮೇಲಿನ ನನ್ನ ಗುಮಾನಿಗೆ ಪುಷ್ಟಿ ಕೊಡುವ ಸಂಗತಿಯೊಂದು ನಡೆಯಿತು. ಮಧ್ಯಾಹ್ನ ಅವರ ಮನೆಗೆ ಹೋದೆ. ಅಕ್ಕ ಹೋಟೆಲಿನಲ್ಲಿದ್ದಳು. ಉಗ್ರಾಣದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಭಾವ ಬೆನ್ನು ತಿರುಗಿಸಿಕೊಂಡು ಟೆಂಟಿನ ಮೇಲೆ ಬಗ್ಗಿದ್ದರು. ಪಕ್ಕದಲ್ಲಿ ಗುಂಡುಪಿನ್ನಿನ ಡಬ್ಬಿ ತೆರೆದಿತ್ತು. ನನ್ನ ಚಪ್ಪಲಿಯ ಸದ್ದಿಗೆ ಬೆಚ್ಚಿಬಿದ್ದು ಟೆಂಟನ್ನು ಹಳೆಯ ಸೂಟ್‌ಕೇಸುಗಳ ಅಡಿಗೆ ತಳ್ಳಿದರು.

"ಏನ್ ಮಾಡ್ತಿದ್ದೀರಿ ಭಾವ?"

"ಏನಿಲ್ಲ. ಹುಡುಕ್ತಿದ್ದೆ."

"ಏನು?"

"ಏನಿಲ್ಲ ಅಂದೆನಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರ ಕಿವಿಯ ತುದಿ ಕೆಂಪಾಗಿತ್ತು. ಆ ಕೆಂಪು ನನಗೆ ಹೊಸದಲ್ಲ; ಟಿಕೆಟ್ಟಿಲ್ಲದವರ ಕಿವಿ ಅದು. ಪರೀಕ್ಷೆಯಲ್ಲಿ ಟೆಂಟು ಸೋಲದಿದ್ದಾಗ ಪಿನ್ನಿನಿಂದ ಸೋಲಿಸಲು ಹೊರಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಸಂಜೆ ಅಕ್ಕ ಹೋಟೆಲಿನಿಂದ ಬಂದ ಮೇಲೆ ಹೇಳೋಣವೆಂದರೆ ಅವಳು ಆಗ ತಾನೇ ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ಹೊಸ ಹಗ್ಗ ಕಟ್ಟಿ, ಅದನ್ನೇ ನೋಡುತ್ತ ನಿಂತಿದ್ದಳು. ಅವಳ ಮುಖ ನೋಡಿ ಪಿನ್ನಿನ ಮಾತು ಎತ್ತಲಿಲ್ಲ. ಅದರ ಬದಲು, ನಾನೂ ಬರುತ್ತೇನೆ ಎಂದೆ.

ನಮ್ಮ ಬಸ್ ಡಿಪೋದಲ್ಲಿ ಒಬ್ಬ ಡ್ರೈವರಿಗೆ ಸೈಕಲ್ ಯಾತ್ರೆಯ ಹುಚ್ಚು. ಅವನಿಂದ ಒಂದು ದುಬಾರಿ ಟೆಂಟು ಎರವಲು ತಂದೆ. ಎರಡು ಕೈಯಲ್ಲಿ ಹಿಡಿದರೆ ಒಂದು ಬ್ರೆಡ್ಡಿನಷ್ಟೂ ಭಾರವಿಲ್ಲ. ಅಕ್ಕನ ಟೆಂಟು ಅದರ ಎರಡರಷ್ಟು ತೂಕ. ಭಾವ ಎರಡನ್ನೂ ಕೈಯಲ್ಲಿ ತೂಗಿ, "ಹಗುರ ಇದ್ರೆ ಬಟ್ಟೆ ತೆಳು, ಭಾರ ಇದ್ರೆ ಬಟ್ಟೆ ಒರಟು" ಎಂದು ಎರಡಕ್ಕೂ ಒಂದೊಂದು ತಪ್ಪು ಹುಡುಕಿಕೊಟ್ಟರು.

ಹೊರಟೆವು. ಭಾವನ ಸೈಕಲ್ಲಿನ ಸೀಟಿನ ಮೇಲೆ ಅಂಗಡಿಯ ಪ್ಲಾಸ್ಟಿಕ್ ಇನ್ನೂ ಇತ್ತು. ತುಳಿದಾಗಲೆಲ್ಲ ಚರಪರ ಎನ್ನುತ್ತಿತ್ತು. ಫಲಕದ ಹತ್ತಿರ ಅಕ್ಕ ಎಡಕ್ಕೆ ತಿರುಗಲಿಲ್ಲ. ನೇರ ಹೋದಳು. ಹೋಗಿ ಸ್ವಲ್ಪ ದೂರದಲ್ಲಿ ನಿಂತು ಹಿಂದೆ ನೋಡಿದಳು, ಗಂಡ ಬರುತ್ತಿದ್ದಾರೋ ಇಲ್ಲವೋ ಎಂದು. ಭಾವ ಫಲಕದ ಎದುರು ಇಳಿದು ಅದರಲ್ಲಿ ಬರೆದ ದೂರವನ್ನು ಓದುತ್ತಿದ್ದರು. ಅವರ ಹ್ಯಾಂಡಲ್ಲಿಗೆ ದೂರ ಅಳೆಯುವ ಮೀಟರೊಂದಿತ್ತು. ಮುಂದೆ ದಾರಿಯುದ್ದಕ್ಕೂ ಒಂದೊಂದು ಮೈಲಿಗಲ್ಲು ಬಂದಾಗಲೂ ನಿಂತು, ಮೀಟರಿಗೂ ಕಲ್ಲಿಗೂ ತಾಳೆ ಹಾಕಿ, "ಈ ಕಲ್ಲು ಸುಳ್ಳು ಹೇಳ್ತಿದೆ" ಎನ್ನುತ್ತಿದ್ದರು. ಕಲ್ಲಿನ ಮೇಲೂ ಮೊಹರು ಒತ್ತುವ ಮನುಷ್ಯ.

ಮೊದಲ ರಾತ್ರಿ ನದಿಯ ಪಕ್ಕ ಒಬ್ಬ ಹೂವಿನ ತೋಟದವನ ಬಯಲಿನಲ್ಲಿ ಕೇಳಿಕೊಂಡು ಟೆಂಟು ಹಾಕಿದೆವು. ಬೆಳಗಾಗುತ್ತಿದ್ದಂತೆ ಭಾವನ ದನಿ ಕೇಳಿಸಿತು. "ಸೋರಿದೆ. ನೋಡು, ಸೋರಿದೆ." ಹೊರಬಂದು ನೋಡಿದರೆ ಆಕಾಶ ಶುಭ್ರ, ಒಂದು ಹನಿ ಮಳೆ ಬಿದ್ದಿಲ್ಲ. ಟೆಂಟಿನ ಒಳಮೈ ಮಾತ್ರ ಒದ್ದೆ. ಅಕ್ಕ ಬೆರಳಿನಿಂದ ಒರೆಸಿ, "ಇದು ನಮ್ಮ ಉಸಿರು ರೀ. ಎಲ್ಲ ಜಿಪ್ಪೂ ಮುಚ್ಚಿ ಮಲಗಿದ್ದು ಯಾರು?" ಎಂದಳು. ಭಾವ ನಂಬದೆ ನನ್ನ ದುಬಾರಿ ಟೆಂಟಿನೊಳಗೆ ತಲೆ ಹಾಕಿದರು. ಅದೂ ಹಾಗೇ ಬೆವರಿತ್ತು. ತಲೆ ಹೊರಗೆ ತೆಗೆದಾಗ ಅವರ ಮುಖದಲ್ಲಿ ನಿರಾಸೆಯಿತ್ತೋ ಸಮಾಧಾನವಿತ್ತೋ ನನಗೆ ತಿಳಿಯಲಿಲ್ಲ. ಎರಡನೆಯದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅಲ್ಲಿಂದ ಮುಂದೆ ಅಕ್ಕನನ್ನು ನೋಡಬೇಕಿತ್ತು. ಏರಿನಲ್ಲಿ ಏದುಸಿರು ಬಿಡುತ್ತ, ಇಳಿಜಾರಿನಲ್ಲಿ ಸುಮ್ಮಸುಮ್ಮನೆ ಗಂಟೆ ಬಾರಿಸುತ್ತ ಹೋದಳು. ಟೆಂಟಿನ ಬಾಗಿಲಿನಲ್ಲಿ ಕಾಲು ಚಾಚಿ ಕೂತು, "ಯಾರ ಹಾಸಿಗೇನೂ ಮಡಚೋ ಹಾಗಿಲ್ಲ" ಎಂದು ತನಗೆ ತಾನೇ ಹೇಳಿಕೊಂಡು ನಗುತ್ತಿದ್ದಳು. ಅವಳು ಹಾಗೆ ನಕ್ಕಾಗ ಭಾವ ಬೇರೆ ಕಡೆ ನೋಡುತ್ತಿದ್ದರು. ಬೆಳಗ್ಗೆ ಎದ್ದರೆ ಮತ್ತೆ ಅದೇ ಮಂಡಿ, ಅದೇ ಉಗುರು, ಅದೇ ಗೆರೆ. ನಾನು ಪಿನ್ನಿನ ತೂತು ಎಲ್ಲಿದೆ ಎಂದು ಕದ್ದು ಹುಡುಕುತ್ತಿದ್ದೆ. ಅವರು ಇಲ್ಲದಾಗ ಒಳಗೆ ಮಲಗಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದೆ. ಒಂದೂ ಸಿಗಲಿಲ್ಲ. ಜಾಣ ಕಳ್ಳ ಎಂದುಕೊಂಡೆ.

ಸಮುದ್ರ ಇನ್ನು ಒಂದೇ ದಿನದ ದಾರಿ ಎನ್ನುವಾಗ, ಮಧ್ಯಾಹ್ನ ಮೋಡ ಕಟ್ಟಿತು. ಮುಚ್ಚಿಹೋದ ಪೆಟ್ರೋಲ್ ಬಂಕೊಂದರ ಹಿಂದಿನ ಹುಲ್ಲಿನಲ್ಲಿ ಅವಸರದಿಂದ ಎರಡೂ ಟೆಂಟು ಎಬ್ಬಿಸಿದೆವು. ಹೊಸ ಗೂಟಗಳನ್ನು ಅಕ್ಕ ಕಲ್ಲಿನಿಂದ ಬಡಿದಳು. ಮೂವರೂ ಅವರ ಟೆಂಟಿನೊಳಗೇ ಕೂತೆವು. ಮಳೆ ಬಿತ್ತು. ತಾರಸಿಯ ಮೇಲೆ ಝಾರಿಯಿಂದ ಸುರಿದಂಥ ಮಳೆಯಲ್ಲ, ಮೇಲಿನಿಂದ ಯಾರೋ ತೊಟ್ಟಿಯನ್ನೇ ಬೋರಲು ಹಾಕಿದ ಮಳೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಅಕ್ಕ ಮೊಣಕಾಲು ತಬ್ಬಿಕೊಂಡು ಮೇಲೆ ನೋಡುತ್ತಿದ್ದಳು. ಆಮೇಲೆ ಅವಳ ಹಣೆಯ ಮೇಲೆ ಒಂದು ಹನಿ ಬಿತ್ತು. ನನ್ನ ಮಣಿಕಟ್ಟಿನ ಮೇಲೆ ಒಂದು. ಭಾವನ ಮೂಗಿನ ಮೇಲೆ ಒಂದು.

"ಸೋರಿತು" ಎಂದರು ಭಾವ. ಆದರೆ ಗೆದ್ದವರ ದನಿ ಅದಾಗಿರಲಿಲ್ಲ. ಅಕ್ಕ ತನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು. ತಿರುಗಿ ಹೋಗಲು ತಯಾರಿ. ಕೊಟ್ಟ ಮಾತು. ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಸೋರದೆ ಏನು ಮಾಡುತ್ತೆ? ಪಿನ್ನಿನಿಂದ ಚುಚ್ಚಿದ್ರೆ ಯಾವ ಟೆಂಟಾದ್ರೂ ಸೋರುತ್ತೆ. ಉಗ್ರಾಣದಲ್ಲಿ ಬಾಗಿಲು ಮರೆ ಮಾಡ್ಕೊಂಡು ಏನು ಮಾಡ್ತಿದ್ರಿ ಅಂತ ಹೇಳಿ ಭಾವ, ಅಕ್ಕನೂ ಕೇಳಲಿ."

ಭಾವನ ಬಾಯಿ ತೆರೆದುಕೊಂಡಿತು. "ನಾನಾ? ಚುಚ್ಚಿದ್ದು?"

"ಮತ್ತೆ ಪಿನ್ನು ಯಾಕಿತ್ತು?"

"ಮಡಿಕೆ ನೆಟ್ಟಗಿರಲಿ ಅಂತ ಒಳಗೆ ಇಟ್ಟಿದ್ದ ರಟ್ಟಿಗೆ ಅಂಗಡಿಯವರು ಹಾಕಿದ್ದ ಪಿನ್ನು ಬಿದ್ದುಹೋಗಿತ್ತು. ಅದನ್ನ ಮೊದಲಿದ್ದ ಕಡೆಗೇ ಹಾಕ್ತಿದ್ದೆ. ಇವಳು ನೋಡಿದ್ರೆ ಮತ್ತೆ ಮಡಿಸೋಕೆ ಕೂತಿದ್ದೀರಾ ಅಂತಾಳೆ ಅಂತ ಬಚ್ಚಿಟ್ಟೆ, ಅಷ್ಟೇ."

ನಾನು ನಂಬಲಿಲ್ಲ. ನಂಬುವ ಮನಸ್ಸೂ ಇರಲಿಲ್ಲ. ಅಷ್ಟರಲ್ಲಿ ಅಕ್ಕ ಬಟ್ಟೆ ತುಂಬುವುದನ್ನು ನಿಲ್ಲಿಸಿ ಮಲಗಿಕೊಂಡು, ಹೋಟೆಲಿನಲ್ಲಿ ಹಾಸಿಗೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವವಳ ಹಾಗೆ ಮೇಲಿನ ಬಟ್ಟೆಯನ್ನು ಉದ್ದಕ್ಕೂ ನೋಡಿದಳು.

"ಪಿನ್ನಲ್ಲ ಕಣೇ" ಎಂದಳು. "ಮೇಲೆ ನೋಡು."

ನೋಡಿದೆ. ಹನಿಗಳು ಎಲ್ಲೆಂದರಲ್ಲಿ ಇರಲಿಲ್ಲ. ಸಾಲಾಗಿ ಇದ್ದವು. ಉದ್ದಕ್ಕೆ ಕೆಲವು ನೇರ ಸಾಲು, ಅಡ್ಡಕ್ಕೆ ಕೆಲವು, ಶಾಲೆಯ ಕಾಪಿ ಪುಸ್ತಕದ ಚೌಕಗಳ ಹಾಗೆ. ಚೌಕದ ಒಳಗೆಲ್ಲ ಬಟ್ಟೆ ಗಟ್ಟಿಯಾಗಿತ್ತು, ಒದ್ದೆಯೇ ಆಗಿರಲಿಲ್ಲ. ಗೆರೆಯ ಮೇಲೆ ಮಾತ್ರ ಒಳಬದಿಯಲ್ಲಿ ನೀರು ತಡೆಯಲು ಬಳಿದ ಲೇಪ ಬಿರಿದು, ನೀರು ಮಣಿ ಮಣಿಯಾಗಿ ತೂಗುತ್ತಿತ್ತು. ಹೊಲಿಗೆ ಸೋರಿರಲಿಲ್ಲ. ಜಿಪ್ಪು ಸೋರಿರಲಿಲ್ಲ. ಭಾವನ ಹೆಬ್ಬೆರಳು ಎಲ್ಲೆಲ್ಲಿ ಓಡಾಡಿತ್ತೋ ಅಲ್ಲಿ ಮಾತ್ರ ಸೋರಿತ್ತು.

ಭಾವ ಮಂಡಿಯ ಮೇಲೆ ಎದ್ದರು. ಒಂದು ಗೆರೆಯ ಮೇಲೆ ಬೆರಳಿಟ್ಟು ಕೊನೆಯವರೆಗೂ ನಡೆಸಿದರು. ಇನ್ನೊಂದರ ಮೇಲೂ. ನೀರು ಅವರ ಮೊಣಕೈಯಿಂದ ಇಳಿದು ಅಂಗಿಯೊಳಗೆ ಹೋಗುತ್ತಿತ್ತು. ಅಭ್ಯಾಸಬಲದಿಂದ ಕೊನೆಗೂ ಒಂದು ಗುಮಾನಿ ಹುಡುಕಿಕೊಂಡರು.

"ನೀನು ಬಟ್ಟೆ ಕೋಣೇಲಿ ಇರೋಳು. ಹೀಗಾಗುತ್ತೆ ಅಂತ ನಿನಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ?"

"ಹೇಳಿದ್ದೆ" ಎಂದಳು ಅಕ್ಕ. "ಮಡಿಕೆ ಬದಲಾಯಿಸಿ ಅಂದೆ. ಯಾಕೆ ಹೇಳ್ತಿದ್ದಾಳೆ ಅಂತ ನೀವು ಯೋಚನೆ ಮಾಡಿದ್ರಿ. ಏನು ಹೇಳಿದೆ ಅಂತ ಕೇಳಿಸಿಕೊಳ್ಳಲಿಲ್ಲ."

ಅಕ್ಕ ಎದ್ದು ಕೂತಳು. ಅವಳಿಗೆ ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಾಗಿರುತ್ತಿತ್ತು.

"ಪಣ ಪಣವೇ. ಟೆಂಟು ಕೈಕೊಟ್ಟಿದ್ರೆ ತಿರುಗಿ ಹೋಗೋಣ, ಇನ್ನು ಯಾವತ್ತೂ ನಾನು ಕೇಳಲ್ಲ. ಕೈಕೊಟ್ಟಿದೆಯೋ ಇಲ್ಲವೋ ನೀವೇ ಹೇಳಿ. ಇದು ನಿಮ್ಮ ಕೌಂಟರಿಗೆ ಬಂದಿದ್ರೆ ಯಾವ ಮೊಹರು ಒತ್ತುತಿದ್ರಿ?"

'ಸಾಮಾನಿನ ದೋಷ' ಎಂದುಬಿಟ್ಟರೆ ಆ ಮನುಷ್ಯ ಬಸ್ಸು ಹಿಡಿದು ನಾಳೆಯೇ ಮನೆಯಲ್ಲಿರಬಹುದು, ತನ್ನ ಹಾಸಿಗೆ, ತನ್ನ ಚಿಲಕ, ತನ್ನ ಪೇಪರು. ಮುಂದೆ ಎಂದೂ ಯಾರೂ ಎಲ್ಲಿಗೂ ಕರೆಯುವುದಿಲ್ಲ. ಹೇಳಿಯೇ ಹೇಳುತ್ತಾರೆ ಎಂದುಕೊಂಡೆ.

ಭಾವ ಮೂಲೆಯ ಹೊಲಿಗೆಯನ್ನು ಮತ್ತೊಮ್ಮೆ ಎಳೆದು ನೋಡಿದರು. ಒಣಗಿದ ಚೌಕವೊಂದನ್ನು ಅಂಗೈಯಿಂದ ಒತ್ತಿ, ಅಂಗೈ ನೋಡಿಕೊಂಡರು.

"ಸಾಮಾನು ಚೆನ್ನಾಗಿದೆ" ಎಂದರು. "ಗಿರಾಕಿಯ ತಪ್ಪು. ವಾಪಸ್ ಇಲ್ಲ."

ಅಕ್ಕ ಮುಖಕ್ಕೆ ಟವೆಲು ಒತ್ತಿಕೊಂಡಳು. ಹನಿ ಒರೆಸಿಕೊಳ್ಳುತ್ತಿದ್ದಾಳೆ ಎಂದುಕೊಳ್ಳಲು ನಾನೇನು ಕುರುಡಿಯಲ್ಲ. ಭಾವ ನನ್ನ ಕಡೆ ತಿರುಗಿ, "ಚೆಕಿಂಗ್ ಮೇಡಮ್ಮು, ಕತ್ತರಿ ಇದೆಯಾ?" ಎಂದರು. ಕತ್ತರಿ ಇರಲಿಲ್ಲ. ಉಗುರು ಕತ್ತರಿಸುವುದನ್ನು ಕೊಟ್ಟೆ. ಮೂಲೆಯಲ್ಲಿ ತೂಗುತ್ತಿದ್ದ ಅಂಗಡಿಯ ಚೀಟಿಯ ದಾರವನ್ನು ಅದರಿಂದ ಕಚ್ಚಿ ಕಚ್ಚಿ ತುಂಡರಿಸಿದರು. ಪಿನ್ನಿನ ವಿಷಯಕ್ಕೆ ನಾನು ಕ್ಷಮೆ ಕೇಳಲಿಲ್ಲ. ಅವರೂ ಕಾಯಲಿಲ್ಲ. ಅದನ್ನು ವಾಪಸ್ ಕೊಡುವಾಗ ಮಾತ್ರ, "ನೀನು ನನಗಿಂತ ಕಡೆ ಕಣೇ" ಎಂದರು.

ಮಳೆ ಸಣ್ಣದಾದಾಗ ಅಕ್ಕ ಬಂಕಿನ ಹಿಂಭಾಗದಲ್ಲಿ ಬಿದ್ದಿದ್ದ ದಪ್ಪ ಪ್ಲಾಸ್ಟಿಕ್ ಹಾಳೆಯೊಂದನ್ನು ಎಳೆದು ತಂದಳು. ಮೂವರೂ ಸೇರಿ ಟೆಂಟಿನ ಮೇಲೆ ಹೊದಿಸಿ ಹಗ್ಗ ಬಿಗಿದೆವು. ನೋಡಲು ವಿಕಾರವಾಗಿತ್ತು, ಆದರೆ ಅಲ್ಲಿಂದ ಮುಂದೆ ಒಂದು ಹನಿ ಒಳಗೆ ಬರಲಿಲ್ಲ. ಅಗ್ಗದ ಟೆಂಟು ಸೈಕಲ್ ಯಾತ್ರೆಗೆ ಆದೀತೇ ಎಂದು ಈಗ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು: ಗೂಟ ಬದಲಾಯಿಸಿ, ಗಾಳಿಗೆ ಜಿಪ್ಪು ಬಿಡಿ, ನಿಮ್ಮ ಮನೆಯಲ್ಲಿ ವಾಪಸಪ್ಪ ಇದ್ದರೆ ಅವರ ಕೈಗೆ ಕೊಡಬೇಡಿ.

ಬೆಳಗ್ಗೆ ಟೆಂಟು ಬಿಚ್ಚುವಾಗ ಭಾವ ರೂಢಿಯಂತೆ ಮಂಡಿಯೂರಿ ಮೂಲೆ ಹುಡುಕಿದರು. ಅಕ್ಕ ಚೀಲದ ಬಾಯಿ ಅಗಲಿಸಿ ಅವರ ಮುಂದೆ ಹಿಡಿದಳು. "ಮಡಿಸಬೇಡಿ. ತುರುಕಿ."

ಅವರು ಮೊದಲ ಹಿಡಿ ತುರುಕಿದಾಗ ಮುಖ ನೋಡಬೇಕಿತ್ತು. ಬಟ್ಟೆಯೊಂದನ್ನು ಹಾಗೆ ಮುದ್ದೆ ಮಾಡಿದ್ದು ಆ ಜನ್ಮದಲ್ಲಿ ಅದೇ ಮೊದಲು. ಎರಡನೆಯ ಹಿಡಿಗೆ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಗೆರೆಗೆ ಹೋಯಿತು. ಅಕ್ಕ ಆ ಕೈಯ ಮೇಲೆ ಮೆಲ್ಲನೆ ಒಂದು ಏಟು ಕೊಟ್ಟಳು. ಭಾವ ತುರುಕಿದರು. ಕೊನೆಯ ತುದಿಯವರೆಗೂ ತುರುಕಿ, ಚೀಲದ ದಾರ ಎಳೆದು, ಎದ್ದು ನಿಂತು, ಸೈಕಲ್ಲಿನ ಹತ್ತಿರ ಹೋದರು.

"ಸಮುದ್ರಕ್ಕೆ ಇನ್ನೆಷ್ಟು ದೂರ?" ಎಂದು ಕೇಳಿದರು, ಕಲ್ಲನ್ನಲ್ಲ, ಮೀಟರನ್ನಲ್ಲ, ಅಕ್ಕನನ್ನು.

"ಇಲ್ಲೇ, ಹತ್ತಿರ" ಎಂದಳು ಅಕ್ಕ.

ಹತ್ತಿರವೇನೂ ಇರಲಿಲ್ಲ. ಸಂಜೆಯವರೆಗೆ ತುಳಿಯಬೇಕೆಂದು ಮೂವರಿಗೂ ಗೊತ್ತಿತ್ತು, ಮೈಲಿಗಲ್ಲು ಎದುರಿಗೇ ನಿಂತಿತ್ತು. ಭಾವ ಅದರ ಕಡೆ ನೋಡಲಿಲ್ಲ. "ಹಾಗಾದ್ರೆ ನಡಿ" ಎಂದು ಹೇಳಿ ಅಕ್ಕನ ಹಿಂದೆ ಸೈಕಲ್ ಹತ್ತಿದರು.